ಲೈನಾ ರಿಂಕ್‌ನ ಒಂದನೇ ನಂಬರ್

ಕಾಲೇಜು ದಿನಗಳ ನೆನಪು ಅಂದರೆ ಎಲ್ಲರೂ ಹಾಸ್ಟೆಲ್ ಊಟದ ಬಗ್ಗೆ ಬರೆಯುತ್ತಾರೆ. ನಾನು ಇಲ್ಲಿಂದ ಮುಂದೆ ಓದಲು ಹೋದ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಐಸ್ ಹಾಕಿ ಆಟದ ಬಗ್ಗೆ, ಅಲ್ಲಿ ಹಿಂದೆ ಆಡಿದ್ದ ಕೆನ್ ಡ್ರೈಡನ್ ಬಗ್ಗೆ ಬರೆಯುತ್ತೇನೆ.

ಕಾರ್ನೆಲ್ ಇರುವ ಇಥಾಕಾ ಊರಿನ ಚಳಿಯಲ್ಲಿ ಗೆಳೆಯರು ನನ್ನನ್ನು ಐಸ್ ಹಾಕಿ ಅಂಗಳವಾದ ಲೈನಾ ರಿಂಕ್‌ಗೆ ಎಳೆದುಕೊಂಡು ಹೋಗುತ್ತಿದ್ದರು. ಎದುರು ತಂಡದವರ ಹೆಸರು ಕೂಗುವಾಗ ನಮ್ಮವರೆಲ್ಲ ಪೇಪರ್ ಬಿಡಿಸಿ, ಮುಖ ಮುಚ್ಚಿಕೊಂಡು ಓದುವ ನಾಟಕ ಆಡುತ್ತಾರೆ. ಹಾರ್ವರ್ಡ್ ಬಂದರಂತೂ ಐಸ್ ಮೇಲೆ ಮೀನು ಎಸೆಯುತ್ತಾರೆ! ಮಂಗಳೂರು ಕಡೆಯವನಾದ ನನಗೆ ಹೊಟ್ಟೆ ಉರಿಯುತ್ತಿತ್ತು. ಅಷ್ಟು ಮೀನು ಸುಮ್ನೆ ಹಾಳು, ಅಲ್ವಾ?

ಅಲ್ಲಿ 1ನೇ ನಂಬರ್ ಜೆರ್ಸಿಯನ್ನು ಈಗ ಯಾರಿಗೂ ಕೊಡುವುದಿಲ್ಲ. ಅದು ಗೋಲ್‌ಕೀಪರ್ ಕೆನ್ ಡ್ರೈಡನ್ ಅವರದು. ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಹುಟ್ಟಿದವರು. 1964ರಲ್ಲೇ ಎನ್‌ಎಚ್‌ಎಲ್ (ಅಮೆರಿಕ, ಕೆನಡಾದ ವೃತ್ತಿಪರ ಐಸ್ ಹಾಕಿ ಲೀಗ್) ತಂಡವೊಂದು ಅವರನ್ನು ಆರಿಸಿಕೊಂಡಿತ್ತು. ಆದರೂ ಅವರು ಇತಿಹಾಸ ಓದಲು ಕಾರ್ನೆಲ್‌ಗೆ ಬಂದರು. ಅಲ್ಲಿ 76 ಪಂದ್ಯ ಗೆದ್ದು, ಸೋತಿದ್ದು ನಾಲ್ಕೇ ನಾಲ್ಕು.

ನನಗೆ ಜಾಸ್ತಿ ಇಷ್ಟ 1971ರ ಕಥೆ. ಮಾಂಟ್ರಿಯಲ್‌ನ ಮೆಕ್‌ಗಿಲ್‌ನಲ್ಲಿ ಲಾ ಓದುತ್ತಿದ್ದ ಈ ಹುಡುಗನನ್ನು ಮಾರ್ಚ್‌ನಲ್ಲಿ ಆ ಊರಿನ ಎನ್‌ಎಚ್‌ಎಲ್ ತಂಡ ಕೆನೇಡಿಯನ್ಸ್ ಕರೆಸಿಕೊಂಡಿತು. ಲೀಗ್‌ನಲ್ಲಿ ಆಡಿದ್ದು ಆರು ಪಂದ್ಯ, ಆರೂ ಗೆದ್ದರು. ಲೀಗ್ ಮುಗಿದ ಮೇಲಿನ ನಾಕೌಟ್ ಸುತ್ತಾದ ಪ್ಲೇಆಫ್‌ನಲ್ಲಿ ಎದುರಾಗಿದ್ದು ಬಾಬಿ ಆರ್, ಫಿಲ್ ಎಸ್ಪೊಸಿಟೊರಂಥ ದಿಗ್ಗಜರಿದ್ದ ಬಾಸ್ಟನ್. ಆ ವರ್ಷ ಎಸ್ಪೊಸಿಟೊ ಒಬ್ಬರೇ 76 ಗೋಲು ಹೊಡೆದಿದ್ದರು. ಏಳು ಪಂದ್ಯಗಳ ಜಿದ್ದಾಜಿದ್ದಿಯಲ್ಲಿ ಬಾಸ್ಟನ್ ಮನೆಗೆ ಹೋಯಿತು. ಮಾಂಟ್ರಿಯಲ್ ಕೊನೆಗೆ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಗೆದ್ದಿತು, ಡ್ರೈಡನ್ ಪ್ಲೇಆಫ್‌ನ ಶ್ರೇಷ್ಠ ಆಟಗಾರರಾದರು. ಹೊಸಬರಿಗೆ ಕೊಡುವ ಕಾಲ್ಡರ್ ಪ್ರಶಸ್ತಿ ಬಂದಿದ್ದು ಅದರ ಮುಂದಿನ ವರ್ಷ!

ಆರು ಅಡಿ ನಾಲ್ಕಂಗುಲದ ಆಳು. ಆಟ ನಿಂತಾಗೆಲ್ಲ ಸ್ಟಿಕ್ಕನ್ನು ನೆಟ್ಟಗೆ ನಿಲ್ಲಿಸಿ, ಅದರ ತುದಿಯ ಮೇಲೆ ಎರಡೂ ಕೈ ಇಟ್ಟು, ಗದ್ದ ಊರಿಕೊಂಡು ನಿಲ್ಲುತ್ತಿದ್ದರು. ಬಸ್ಸಿಗೆ ಕಾಯುವವರ ಹಾಗೆ. ಮುಂದಿನ ಗಳಿಗೆಯಲ್ಲಿ ಕಲ್ಲಿನಂತಹ ರಬ್ಬರ್ ಬಿಲ್ಲೆ (ಪಕ್) ಮುಖಕ್ಕೇ ಬರಬಹುದು ಅನ್ನೋ ಚಿಂತೆಯೇ ಕಾಣುತ್ತಿರಲಿಲ್ಲ.

1973ರಲ್ಲಿ ಸಂಬಳದ ವಿಷಯಕ್ಕೆ ತಂಡದೊಂದಿಗೆ ಸರಿಹೋಗಲಿಲ್ಲ. ಇಡೀ ಸೀಸನ್ ಬಿಟ್ಟು, ಟೊರಾಂಟೊದಲ್ಲಿ ವಕೀಲರ ಕಚೇರಿಗೆ ತರಬೇತಿಗೆ ಸೇರಿಕೊಂಡರು. ಛಲ ಅಂದರೆ ಇದು. ಮರಳಿ ಬಂದು 1976ರಿಂದ ಸಾಲಾಗಿ ನಾಲ್ಕು ಕಪ್. ಒಟ್ಟು ಆರು. 1979ರಲ್ಲಿ, ಇನ್ನೂ 31ರ ವಯಸ್ಸಿಗೇ, ಸಾಕು ಅಂದುಬಿಟ್ಟರು. ನಮ್ಮ ಕ್ರಿಕೆಟಿಗರಲ್ಲಿ ಹಾಗೆ ಎದ್ದುಹೋದವರು ಕಡಿಮೆ.

ಆಮೇಲೆ ಕೆನಡಾದಲ್ಲಿ ಸಂಸದರಾದರು, ಸಚಿವರೂ ಆದರು. ಮಕ್ಕಳ ಪಾಲನಾ ಕೇಂದ್ರಗಳಿಗಾಗಿ ಹತ್ತೂ ಪ್ರಾಂತ್ಯಗಳನ್ನು ಒಪ್ಪಿಸಿದರು. ಮುಂದೆ ಬಂದ ಸರ್ಕಾರ ಅದನ್ನು ರದ್ದು ಮಾಡಿತು. ಮೆಕ್‌ಗಿಲ್‌ನಲ್ಲಿ ಪಾಠವನ್ನೂ ಹೇಳಿದರು. 2025ರ ಸೆಪ್ಟೆಂಬರ್‌ನಲ್ಲಿ, 78ನೇ ವಯಸ್ಸಿನಲ್ಲಿ ತೀರಿಕೊಂಡರು. ಸುದ್ದಿ ಬಂದ ದಿನ ನಮ್ಮ ಹಳೆಯ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಹಾಕಿದ್ದು ಒಂದೇ ಫೋಟೊ: ಸ್ಟಿಕ್ಕಿನ ಮೇಲೆ ಗದ್ದ ಊರಿ ನಿಂತದ್ದು.