ಟ್ರೇಲರ್ ಬೆಂಚಿನಡಿಯ ಜಾಗಕ್ಕೆ ಹೊರಗಿನಿಂದ ಒಂದು ಬಾಗಿಲು

ಅಮೆರಿಕದಲ್ಲಿ ಟ್ರಾವೆಲ್ ಟ್ರೇಲರ್, ಅಂದರೆ ಟ್ರಕ್ಕಿನ ಹಿಂದೆ ಎಳೆದೊಯ್ಯುವ ಮನೆಗಾಡಿ, ಇಟ್ಟುಕೊಂಡವರನ್ನು ಯಾರನ್ನೇ ಕೇಳಿ, ಹೊರಗಿನ ಸಾಮಾನಿಗೆ ಜಾಗ ಸಾಲದು ಅನ್ನುತ್ತಾರೆ. ಮುಂದಿನ ಮಂಚದಡಿ ಈ ಬದಿಯಿಂದ ಆ ಬದಿಗೆ ಹಾಯುವ ಪಾಸ್-ಥ್ರೂ ಒಂದಿರುತ್ತದೆ. ಮಡಚುವ ಕುರ್ಚಿ, ಮೇಜು, ಚಕ್ರದಡಿ ಕೊಡುವ ಹಲಗೆ, ನೀರಿನ ಹೋಸ್, ಕರೆಂಟ್ ಕೇಬಲ್ ಇಷ್ಟಕ್ಕೇ ಅದು ಭರ್ತಿ. ನಮ್ಮವರಾದರೆ ಇದರ ಮೇಲೆ ಹೊರಗೆ ಅಡುಗೆ ಮಾಡುವ ಒಲೆ, ಕುಕ್ಕರ್, ದೊಡ್ಡ ಬಾಣಲೆ ಬೇರೆ. (ಟ್ರೇಲರ್ ಒಳಗೆ ಒಂದು ಸಲ ಬೆಳ್ಳುಳ್ಳಿ ಒಗ್ಗರಣೆ ಹಾಕಿ ನೋಡಿ, ಕುಶನ್ನುಗಳು ಅದನ್ನು ಸುಲಭಕ್ಕೆ ಮರೆಯುವುದಿಲ್ಲ.)

ಆಗ ಎಲ್ಲರ ಕಣ್ಣೂ ಹಿಂದಿನ ಬಂಪರ್ ಮೇಲೆ ಬೀಳುತ್ತದೆ, ಇಲ್ಲವೇ ಮುಂದೆ ಟ್ರಕ್ಕಿಗೆ ಕೊಂಡಿ ಹಾಕುವ ಹಿಚ್ ಬಳಿಯ ಚಾಸಿಯ ತ್ರಿಕೋನದ ಮೇಲೆ. ಎರಡೂ ತಪ್ಪಲ್ಲ, ಆದರೆ ಮೊದಲ ಆಯ್ಕೆಯಾಗಬಾರದು. ಊಟದ ಬೆಂಚಿನ ಕುಶನ್ ಎತ್ತಿ ಕೆಳಗಿನ ಪ್ಲೈವುಡ್ ಮುಚ್ಚಳ ತೆಗೆದು ನೋಡಿ. ಹೆಚ್ಚಿನ ಟ್ರೇಲರ್‌ಗಳಲ್ಲಿ ಅಲ್ಲಿ ಒಳ್ಳೆಯ ಗಾತ್ರದ ಪೆಟ್ಟಿಗೆಯೇ ಇರುತ್ತದೆ, ಮುಕ್ಕಾಲು ಪಾಲು ಖಾಲಿ. ಯಾಕೆಂದರೆ ಪ್ರತಿ ಸಲ ಕುಶನ್ ಎತ್ತಿ, ಕುಳಿತವರನ್ನು ಎಬ್ಬಿಸಿ, ಕೆಸರು ಮೆತ್ತಿದ ಹಗ್ಗ-ಗೂಟಗಳನ್ನು ಒಳಗೆ ತಂದು ಇಡುವವರು ಯಾರು? ಜಾಗ ಇದೆ, ದಾರಿ ಇಲ್ಲ. ಆ ಗೋಡೆಗೆ ಹೊರಗಿನಿಂದ ಬ್ಯಾಗೇಜ್ ಡೋರ್, ಅಂದರೆ ಸಾಮಾನಿನ ಚಿಕ್ಕ ಬಾಗಿಲು, ಕೂರಿಸಿದರೆ ಟ್ರೇಲರ್ ಉದ್ದ ಬೆಳೆಯುವುದಿಲ್ಲ, ಭಾರ ಎರಡು ತುದಿಗಳಿಗೆ ಸರಿಯುವುದಿಲ್ಲ.

ಭಾರದ ಲೆಕ್ಕವನ್ನು ಮೊದಲೇ ಮಾಡಿಕೊಳ್ಳಿ. ಒಳಹೋಗುವ ಬಾಗಿಲ ಹತ್ತಿರ ಹಳದಿ ಸ್ಟಿಕ್ಕರ್ ಇರುತ್ತದೆ, ಸರಕಿನ ಗರಿಷ್ಠ ತೂಕ ಅದರಲ್ಲಿ ಬರೆದಿರುತ್ತದೆ. ಇಡೀ ಗಾಡಿಯ ಒಟ್ಟು ತೂಕದ ಮಿತಿ, ಅಂದರೆ ಜಿವಿಡಬ್ಲ್ಯುಆರ್, ಎಡಬದಿಯ ಹೊರಗೋಡೆಯ ಮುಂಭಾಗದ ಸ್ಟಿಕ್ಕರ್‌ನಲ್ಲಿದೆ. ಟ್ಯಾಂಕಿನ ನೀರೂ ಸರಕಿನ ಲೆಕ್ಕಕ್ಕೇ ಸೇರುತ್ತದೆ. ಗ್ಯಾಲನ್‌ಗೆ 8.3 ಪೌಂಡಿನಂತೆ 40 ಗ್ಯಾಲನ್ ತುಂಬಿದರೆ 330 ಪೌಂಡು ಅಲ್ಲೇ ಹೋಯಿತು. ಹೊಸ ಬಾಗಿಲು ಜಾಗ ಕೊಡುತ್ತದೆ, ಹೊರುವ ಶಕ್ತಿ ಕೊಡುವುದಿಲ್ಲ.

ಈಗ ಗೋಡೆ. ಟ್ರೇಲರ್ ಗೋಡೆಗಳಲ್ಲಿ ಎರಡು ಜಾತಿ. ಒಂದರಲ್ಲಿ ಮರದ ರಿಪೀಸಿನ ಚೌಕಟ್ಟು, ನಡುವೆ ಗಾಜಿನ ಉಣ್ಣೆ, ಹೊರಗೆ ಗೀರು ಗೀರಾದ ತೆಳು ಅಲ್ಯೂಮಿನಿಯಂ ಹಾಳೆ. ಇನ್ನೊಂದರಲ್ಲಿ ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟು, ನಡುವೆ ಥರ್ಮೋಕೋಲ್, ಹೊರಗೆ ನುಣುಪಾದ ಫೈಬರ್‌ಗ್ಲಾಸ್, ಎಲ್ಲ ಸೇರಿ ಅಂಟಿಸಿದ ಒಂದೇ ಹಲಗೆ. ಮೊದಲನೆಯದನ್ನು ಕತ್ತರಿಸುವುದು, ರಿಪೇರಿ ಮಾಡುವುದು ಎರಡೂ ಸುಲಭ. ಎರಡನೆಯದು ಒಮ್ಮೆ ನೀರು ಕುಡಿದರೆ ಅಂಟು ಬಿಟ್ಟು ಉಬ್ಬುತ್ತದೆ, ಮತ್ತೆ ಮೊದಲಿನಂತೆ ಆಗುವುದು ಕಷ್ಟ.

ಚೌಕಟ್ಟು ಎಲ್ಲಿದೆ ಅಂತ ಪತ್ತೆಮಾಡುವುದು ಮೊದಲ ಕೆಲಸ. ಮರದ ಗೋಡೆಯಾದರೆ ಒಳಗಿನ ಪ್ಯಾನೆಲ್ ಮೇಲೆ ಸಣ್ಣ ಅಯಸ್ಕಾಂತ ಆಡಿಸಿ. ಸ್ಟೇಪಲ್ ಪಿನ್ ಇದ್ದಲ್ಲಿ ಅದು ಹಿಡಿಯುತ್ತದೆ, ಪಿನ್ ಸಾಲು ಇದ್ದಲ್ಲಿ ರಿಪೀಸು. 16 ಇಂಚಿಗೊಂದು ಅನ್ನುವ ಮನೆಕಟ್ಟುವವರ ಲೆಕ್ಕ ಇಲ್ಲಿ ನಂಬಬೇಡಿ, ಕಿಟಕಿ ಬಂದ ಕಡೆ ಇವರು ಹೇಗೆ ಬೇಕಾದರೂ ಸರಿಸಿರುತ್ತಾರೆ. ಅಲ್ಯೂಮಿನಿಯಂ ಚೌಕಟ್ಟಿಗೆ ಅಯಸ್ಕಾಂತ ಕೆಲಸ ಮಾಡದು. ಅದಕ್ಕೆ ಒಳಗೆ ಹೀಟರ್ ಉರಿಯುತ್ತಿರುವ ಚಳಿಗಾಲದ ಬೆಳಗ್ಗೆ ಹೊರಗೋಡೆಯ ಇಬ್ಬನಿ ನೋಡಿ: ಕೊಳವೆ ಹಾದ ಕಡೆ ಗೋಡೆ ಬೆಚ್ಚಗಿದ್ದು ಗೆರೆ ಗೆರೆಯಾಗಿ ಬೇರೆ ಬಣ್ಣ ಕಾಣುತ್ತದೆ. ಪೆನ್ಸಿಲ್ ಹಿಡಿದು ಗುರುತು ಹಾಕಿಕೊಂಡರಾಯಿತು.

ಬೆಂಚಿನಡಿ ಏನೇನಿದೆ ಅನ್ನುವುದನ್ನೂ ಪೂರ್ತಿ ನೋಡಬೇಕು. ವಾಟರ್ ಹೀಟರ್, ಪಂಪ್, ಕನ್ವರ್ಟರ್, ಫರ್ನೆಸ್‌ನ ಬಿಸಿಗಾಳಿ ಕೊಳವೆ, ಚಕ್ರದ ಕಮಾನು, ಇವುಗಳಲ್ಲಿ ಒಂದಾದರೂ ಯಾವುದೋ ಬೆಂಚಿನ ಕೆಳಗೆ ಅಡಗಿರುತ್ತದೆ. ಹೊರಗಡೆ ಅವನಿಂಗ್‌ನ (ನೆರಳಿನ ಚಪ್ಪರದ) ತೋಳು ಮಡಚುವ ಜಾಗ, ಮಾರ್ಕರ್ ದೀಪ, ಪ್ಲಗ್ ಪಾಯಿಂಟ್ ಎಲ್ಲಿವೆ ನೋಡಿ. ಬೆಂಚು ಸ್ಲೈಡ್-ಔಟ್‌ನಲ್ಲಿ, ಅಂದರೆ ನಿಲ್ಲಿಸಿದಾಗ ಹೊರಕ್ಕೆ ಚಾಚುವ ಕೋಣೆಯ ಭಾಗದಲ್ಲಿ, ಇದ್ದರೆ ಅದರ ಪಕ್ಕದ ಗೋಡೆಗೆ ಮಾತ್ರ ಬಾಗಿಲು ಬೇಡವೇ ಬೇಡ. ಸ್ಲೈಡ್ ಒಳಕ್ಕೆ ಹೋಗುವಾಗ ಆ ಗೋಡೆ ರಬ್ಬರ್ ಸೀಲನ್ನು ಉಜ್ಜಿಕೊಂಡು ಹೋಗುತ್ತದೆ, ಬಾಗಿಲ ಅಂಚು ಸೀಲನ್ನು ಹರಿದುಹಾಕುತ್ತದೆ. ಸ್ಲೈಡ್‌ನ ಹೊರಮುಖದ ಗೋಡೆಗೆ ಆ ತೊಂದರೆ ಇಲ್ಲ.

ಬಾಗಿಲನ್ನು ಮೊದಲು ಕೊಳ್ಳಿ, ಆಮೇಲೆ ಗೋಡೆ ಕೊಯ್ಯಿರಿ. ಅಂಗಡಿಯವರು ಹೇಳುವ ಅಳತೆ ಕೆಲವೊಮ್ಮೆ ಗೋಡೆಯ ತೂತಿನದು, ಕೆಲವೊಮ್ಮೆ ಬಾಗಿಲಿನ ಹೊರ ಅಂಚಿನದು, ಎರಡಕ್ಕೂ ಇಂಚುಗಟ್ಟಲೆ ವ್ಯತ್ಯಾಸ. ಗೋಡೆಯ ದಪ್ಪಕ್ಕೆ ಹೊಂದುವ ಚೌಕಟ್ಟೇ ಬೇಕು. ಒಂದೂವರೆ ಇಂಚಿನ ಗೋಡೆಗೆ ಎರಡು ಇಂಚಿನದು ತಂದರೆ ಒಳಗೆ ಅರ್ಧ ಇಂಚು ಚಾಚಿಕೊಂಡಿರುತ್ತದೆ. 24 ಇಂಚು ಅಗಲ, 12 ಇಂಚು ಎತ್ತರದ ಬಾಗಿಲು ಬೆಂಚಿಗೆ ಹೇಳಿಮಾಡಿಸಿದ ಅಳತೆ. ಅಷ್ಟಕ್ಕೆ ಬೇಕಾಗುವುದು 1 ಇಂಚು ಅಗಲದ ಬ್ಯುಟೈಲ್ ಟೇಪ್ (ನೀರು ತಡೆಯುವ ಮೆತ್ತನೆಯ ಅಂಟುಪಟ್ಟಿ) ಒಂದು ಸುರುಳಿ, 8ನೇ ನಂಬರಿನ ಒಂದಿಂಚಿನ ಸ್ಟೇನ್‌ಲೆಸ್ ಸ್ಕ್ರೂ ಎರಡು ಡಜನ್, ಮನೆಗಾಡಿಗಳಿಗೆಂದೇ (ಆರ್‌ವಿ) ಬರುವ ಸೀಲಂಟ್ ಒಂದು ಟ್ಯೂಬ್, ಒಣಗಿದ ಪೈನ್ ರಿಪೀಸು ಎಂಟು ಅಡಿ, ಪಾಲಿಯುರೆಥೇನ್ ಅಂಟು.

ಕತ್ತರಿಸುವ ಮುನ್ನ ಶೋರ್ ಪವರ್, ಅಂದರೆ ಹೊರಗಿನಿಂದ ಬರುವ ಕರೆಂಟ್ ಕೇಬಲ್, ಕಳಚಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಸೋಲಾರ್ ಇದ್ದರೆ ಅದನ್ನೂ. ಗೋಡೆಯೊಳಗೆ 120 ವೋಲ್ಟಿನ ತಂತಿ ಯಾವ ಹಾದಿ ಹಿಡಿದಿದೆ ಅಂತ ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ.

ಅಳತೆಯನ್ನು ಒಳಗಿನಿಂದ ಹಾಕಿ, ನಾಲ್ಕು ಮೂಲೆಗೂ 1/8 ಇಂಚಿನ ಬಿಟ್‌ನಲ್ಲಿ ಒಳಗಿನಿಂದ ಹೊರಗೆ ತೂತು ಕೊರೆಯಿರಿ. ಹೊರಗೆ ಬಂದು ಆ ನಾಲ್ಕು ತೂತುಗಳನ್ನು ಗೆರೆಯಿಂದ ಸೇರಿಸಿ, ಕರ್ಣಗಳನ್ನು ಅಳೆಯಿರಿ. ಎರಡು ಕರ್ಣಗಳ ನಡುವೆ 1/8 ಇಂಚಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಗೆರೆ ಅಳಿಸಿ ಮತ್ತೆ ಹಾಕಿ. ಸೊಟ್ಟ ಚೌಕಟ್ಟಿನಲ್ಲಿ ಬಾಗಿಲು ಮುಚ್ಚಿಕೊಂಡಂತೆ ಕಂಡರೂ ಒಂದು ಮೂಲೆಯ ರಬ್ಬರ್ ಒತ್ತಿಕೊಂಡಿರುವುದಿಲ್ಲ, ನೀರು ಬರುವುದು ಅಲ್ಲಿಂದಲೇ. ಬಾಗಿಲಿನ ಮೂಲೆ ದುಂಡಾಗಿದ್ದರೆ ಅದರ ಒಳ ಚೌಕಟ್ಟನ್ನೇ ಗೋಡೆಗಿಟ್ಟು ಸುತ್ತ ಪೆನ್ಸಿಲ್ ಎಳೆಯುವುದು ಒಳ್ಳೆಯದು. ಸುತ್ತಲೂ 1/8 ಇಂಚು ಸಡಿಲ ಬಿಟ್ಟರೆ ಸಾಕು.

ಒಳಗಿನ ಪ್ಯಾನೆಲನ್ನು ಮೊದಲು ಕೊಯ್ಯಬೇಕು, ಅದೂ ಬ್ಲೇಡ್ ಅತ್ತಿತ್ತ ಅದುರಿ ಕೊಯ್ಯುವ ಆಸಿಲೇಟಿಂಗ್ ಟೂಲ್‌ನಲ್ಲಿ, ಪ್ಯಾನೆಲ್ ದಪ್ಪದಷ್ಟೇ ಆಳಕ್ಕೆ. ಪ್ಯಾನೆಲ್ ತೆಗೆದು, ಮರದ ಗೋಡೆಯಾದರೆ ಗಾಜಿನ ಉಣ್ಣೆ ಸರಿಸಿ, ತಂತಿ ಇದೆಯೇ ನೋಡಿ. ಇದ್ದರೆ ಬಾಗಿಲ ಜಾಗ ಬದಲಿಸಿ, ಇಲ್ಲವೇ ತಂತಿಯನ್ನು ಮೇಲಿನಿಂದ ಸುತ್ತಿಸಿ. ಥರ್ಮೋಕೋಲ್ ಗೋಡೆಯಲ್ಲಿ ಹೀಗೆ ಇಣುಕುವ ಅನುಕೂಲ ಇಲ್ಲ, ಥರ್ಮೋಕೋಲನ್ನು ಚಾಕುವಿನಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿ ನೋಡುತ್ತ ಹೋಗಬೇಕು. ಆಮೇಲೆ ಹೊರಗಿನ ಹಾಳೆ. ಗೆರೆಯ ಮೇಲೆ ಎರಡು ಪದರ ಮಾಸ್ಕಿಂಗ್ ಟೇಪ್, ಜಿಗ್‌ಸಾದ ತಳಕ್ಕೂ ಟೇಪ್, ಇಲ್ಲದಿದ್ದರೆ ಪೇಂಟ್ ಮೇಲೆ ಗೀರು ಖಂಡಿತ. ಅಲ್ಯೂಮಿನಿಯಂಗೆ ಇಂಚಿಗೆ 24 ಹಲ್ಲಿನ ಲೋಹದ ಬ್ಲೇಡ್. ಫೈಬರ್‌ಗ್ಲಾಸ್‌ಗೆ ಹಲ್ಲು ಕೆಳಮುಖವಾಗಿರುವ ಬ್ಲೇಡ್ ಬೇಕು, ಮೇಲ್ಮುಖದ್ದು ಮೇಲಿನ ಹೊಳಪಿನ ಪದರವಾದ ಜೆಲ್‌ಕೋಟನ್ನು ಚಕ್ಕೆ ಎಬ್ಬಿಸುತ್ತದೆ. ಮಾಸ್ಕ್, ಕನ್ನಡಕ, ತುಂಬುತೋಳು ಮೂರೂ ಇರಲಿ, ಆ ಪುಡಿ ಚರ್ಮಕ್ಕೆ ತಾಗಿದರೆ ಇಡೀ ದಿನ ತುರಿಕೆ. ಕೊಯ್ದ ತುಂಡನ್ನು ಎಸೆಯಬೇಡಿ. ಕೆಲವು ಬಾಗಿಲುಗಳು ಬರಿಯ ಚೌಕಟ್ಟಾಗಿ ಬರುತ್ತವೆ, ನಡುವೆ ಇದೇ ತುಂಡು ಕೂರಿಸಿದರೆ ಗೋಡೆಯ ಬಣ್ಣದ ಪಟ್ಟಿ ಕಡಿಯದೆ ಹಾಗೇ ಮುಂದುವರಿಯುತ್ತದೆ.

ತೂತಿನ ಸುತ್ತ ಸ್ಕ್ರೂ ಹಿಡಿಯಲು ಮರ ಬೇಕೇ ಬೇಕು. ಒಂದು ರಿಪೀಸು ನಡುವೆ ಬಂದು ಕತ್ತರಿಸಬೇಕಾದರೆ ಮೇಲೊಂದು, ಕೆಳಗೊಂದು ಅಡ್ಡಪಟ್ಟಿ ಕೊಟ್ಟು ಅಕ್ಕಪಕ್ಕದ ರಿಪೀಸುಗಳಿಗೆ ಭಾರ ದಾಟಿಸಿ. ಎರಡು ರಿಪೀಸು ಕತ್ತರಿಸುವ ಹಾಗಿದ್ದರೆ ಬಾಗಿಲು ದೊಡ್ಡದಾಯಿತು, ಚಿಕ್ಕದು ನೋಡಿ. ಅಲ್ಯೂಮಿನಿಯಂ ಕೊಳವೆಗೆ ಕೈ ಹಚ್ಚಬೇಡಿ. ಥರ್ಮೋಕೋಲ್ ಗೋಡೆಯಲ್ಲಿ ತೂತಿನ ಅಂಚಿನಿಂದ ಮುಕ್ಕಾಲು ಇಂಚು ಥರ್ಮೋಕೋಲ್ ಕೆರೆದು ತೆಗೆದು, ಆ ಸಂದಿಗೆ ರಿಪೀಸು ತುರುಕಿ ಅಂಟಿಸುತ್ತಾರೆ. ಅಂಟಿನ ಡಬ್ಬಿಯ ಮೇಲೆ ಏನು ಬರೆದಿದೆ ಓದಿ. ಸಾಲ್ವೆಂಟ್ ಇರುವ ಅಂಟು ಥರ್ಮೋಕೋಲನ್ನು ಕರಗಿಸುತ್ತದೆ, ಮರುದಿನ ಗೋಡೆಯೊಳಗೆ ಟೊಳ್ಳು. ಪಾಲಿಯುರೆಥೇನ್ ಕರಗಿಸುವುದಿಲ್ಲ, ಆದರೆ ಒಣಗುವಾಗ ನೊರೆಯಂತೆ ಉಬ್ಬುತ್ತದೆ. ಒಳಗೂ ಹೊರಗೂ ಹಲಗೆ ಇಟ್ಟು ಕ್ಲಾಂಪ್ ಬಿಗಿಯದಿದ್ದರೆ ಹೊರಗೋಡೆ ಹೊಟ್ಟೆ ಬಿಡುತ್ತದೆ.

ಬಾಗಿಲನ್ನು ಟೇಪ್ ಇಲ್ಲದೆ ಒಮ್ಮೆ ಕೂರಿಸಿ, ತೆರೆದು, ಮುಚ್ಚಿ, ಬೀಗ ಹಾಕಿ ನೋಡಿ. ಸರಿ ಅನ್ನಿಸಿದ ಮೇಲೆ ಗೋಡೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ಬ್ಯುಟೈಲ್ ಟೇಪನ್ನು ಬಾಗಿಲ ಚೌಕಟ್ಟಿನ ಹಿಂಬದಿಗೆ, ಕೆಳಗಿನ ಪಟ್ಟಿಯ ನಡುವಿನಿಂದ ಶುರುಮಾಡಿ ಸುತ್ತು ಹಾಕಿ ಅಲ್ಲಿಗೇ ತಂದು ಸೇರಿಸಿ. ಜೋಡಣೆ ಮೇಲೆ ಬಂದರೆ ಮಳೆಗೆ ಅದೇ ಬಾಗಿಲು. ಟೇಪನ್ನು ಎಳೆದು ಹಚ್ಚಬೇಡಿ, ಎಳೆದದ್ದು ಹಿಂದಕ್ಕೆ ಸೆಳೆದುಕೊಂಡು ಮೂಲೆಯಲ್ಲಿ ಸಂದು ಬಿಡುತ್ತದೆ. ಗೀರಿನ ಅಲ್ಯೂಮಿನಿಯಂ ಗೋಡೆಯಾದರೆ ಪ್ರತಿ ತಗ್ಗಿಗೂ ಮೊದಲೊಂದು ತುಂಡು ಟೇಪ್ ತುಂಬಿ ಮಟ್ಟ ಮಾಡಿಕೊಳ್ಳಬೇಕು. ಇಂಥ ಗೋಡೆಯ ಬಾಗಿಲು ಸೋರಿತೆಂದರೆ ಹೆಚ್ಚಾಗಿ ಈ ಒಂದು ಕೆಲಸ ಬಿಟ್ಟುಹೋಗಿರುತ್ತದೆ.

ಸ್ಕ್ರೂಗಳನ್ನು ಮೂರೂವರೆ ಇಂಚಿಗೊಂದರಂತೆ, ಎದುರು-ಬದುರಾಗಿ, ಕೈ ಸ್ಕ್ರೂಡ್ರೈವರ್‌ನಲ್ಲಿ ಬಿಗಿಯಿರಿ. ಡ್ರಿಲ್ ಮೆಷಿನ್‌ನಲ್ಲಿ ಒಂದೇ ಏಟಿಗೆ ಬಿಗಿದರೆ ಚೌಕಟ್ಟಿನ ತೆಳು ಅಂಚು ಸ್ಕ್ರೂ ಇದ್ದಲ್ಲಿ ತಗ್ಗಿ, ನಡುವೆ ಎದ್ದು ಅಲೆ ಅಲೆಯಾಗುತ್ತದೆ. ಬ್ಯುಟೈಲ್ ಸುತ್ತಲೂ ಹೊರಗೆ ಇಣುಕಬೇಕು. ಒಂದೆರಡು ಬಿಸಿಲು ಕಂಡ ಮೇಲೆ ಟೇಪ್ ಕುಸಿದಿರುತ್ತದೆ, ಆಗ ಎಲ್ಲ ಸ್ಕ್ರೂಗಳಿಗೂ ಕಾಲು ಸುತ್ತು ಕೊಟ್ಟು, ಹೊರಬಂದದ್ದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯಿರಿ. ಇದಾದ ಮೇಲೆಯೇ ಸೀಲಂಟ್. ಮೇಲೆ ಮತ್ತು ಎರಡು ಬದಿಗೆ ಮಾತ್ರ, ಕೆಳಗೆ ಬೇಡ, ಹೇಗೋ ಒಳಹೊಕ್ಕ ನೀರಿಗೆ ಹೊರಬರಲು ದಾರಿ ಬೇಕಲ್ಲ. ಬಾತ್‌ರೂಮಿನ ಸಿಲಿಕೋನ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬಳಸಬೇಡಿ. ಅದು ಕಿತ್ತುಬಂದ ದಿನ ಅದರ ಜಿಡ್ಡಿನ ಮೇಲೆ ಬೇರೆ ಯಾವ ಸೀಲಂಟೂ ಹಿಡಿಯುವುದಿಲ್ಲ.

ಬಾಗಿಲ ಜೊತೆ ಬರುವ ಬೀಗದ ಬಗ್ಗೆ ಒಂದು ಮಾತು. ಕೀಲಿಯ ಮೇಲೆ ಸಿಎಚ್751 ಅಂತ ಇದ್ದರೆ ಆ ಬೀಗ ಇದ್ದೂ ಇಲ್ಲದ ಹಾಗೆ. ಅಮೆರಿಕದ ಲೆಕ್ಕವಿಲ್ಲದಷ್ಟು ಟ್ರೇಲರ್‌ಗಳಿಗೆ ಇದೇ ಕೀಲಿ, ಪಕ್ಕದ ಸೈಟಿನವರ ಜೇಬಿನಲ್ಲೂ ಇರುತ್ತದೆ. ಬೇರೆ ಕೀಲಿಯ ಕ್ಯಾಮ್ ಲಾಕ್ ಕೆಲವೇ ಡಾಲರಿಗೆ ಬರುತ್ತದೆ. ಹಳೆಯ ಬೀಗದ ಉದ್ದ ಅಳೆದು ಅದೇ ಅಳತೆಯದು ತನ್ನಿ.

ಒಳಗೆ ಬೆಂಚಿನಡಿಯ ಪೆಟ್ಟಿಗೆಗೆ ಕಾಲು ಇಂಚಿನ ಪ್ಲೈವುಡ್‌ನಿಂದ ಗೋಡೆ ಕಟ್ಟಿ, ಸಂದಿಗಳನ್ನು ಮುಚ್ಚಿ, ನೆಲಕ್ಕೆ ರಬ್ಬರ್ ಮ್ಯಾಟ್ ಹಾಕಿ. ವೈರು, ಪೈಪು ಅತ್ತ, ಕೆಸರಿನ ಸಾಮಾನು ಇತ್ತ. ಹೀಗೆ ಬೇರ್ಪಡಿಸದಿದ್ದರೆ ತಿರುವಿನಲ್ಲಿ ಜಾರಿದ ಸುತ್ತಿಗೆ ಪಂಪಿನ ಪೈಪಿಗೆ ಹೊಡೆಯುತ್ತದೆ, ಇಲಿಗೂ ಒಳದಾರಿ ಸಿಗುತ್ತದೆ. ಈ ಪೆಟ್ಟಿಗೆಯಲ್ಲಿ ಗ್ಯಾಸ್ ಸಿಲಿಂಡರ್, ಪೆಟ್ರೋಲ್ ಕ್ಯಾನ್, ಪೆಟ್ರೋಲ್ ಇರುವ ಜನರೇಟರ್ ಯಾವುದನ್ನೂ ಇಡಬಾರದು. ಮೇಲೆ ಕೂರುವ, ಎಷ್ಟೋ ಟ್ರೇಲರ್‌ಗಳಲ್ಲಿ ಮಲಗುವ ಜಾಗವೂ ಅದೇ.

ಕೊಳಚೆ ನೀರಿನ ಹೋಸ್‌ಗೆ ಬೇರೆ ಉಪಾಯವಿದೆ. ಹಿಂದಿನ 4 ಇಂಚಿನ ಚೌಕ ಬಂಪರಿನೊಳಗೆ ಹೋಸ್ ಇಡಲು ಕೊಟ್ಟಿರುತ್ತಾರೆ, ಆದರೆ ತುದಿಯ ಫಿಟಿಂಗ್ ಬಿಚ್ಚದೆ ಅದು ಒಳಹೋಗುವುದಿಲ್ಲ. ಬೇಲಿಗೆ ಹಾಕುವ 5 ಇಂಚಿನ ಚೌಕ ವಿನೈಲ್ ಕಂಬ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಎರಡು ಮುಚ್ಚಳ ಬೇರೆ. ಕುಗ್ಗಿಸಿದ ಹೋಸ್‌ಗಿಂತ ನಾಲ್ಕಿಂಚು ಉದ್ದ ಕತ್ತರಿಸಿ, ಒಂದು ಮುಚ್ಚಳ ಸ್ಕ್ರೂ ಹಾಕಿ ಕಾಯಂ ಮಾಡಿ, ಇನ್ನೊಂದಕ್ಕೆ ಪಿನ್. ತಳಕ್ಕೆ ನಾಲ್ಕೈದು ತೂತು ಕೊರೆಯಿರಿ, ನೀರು ಇಳಿಯಲಿ. ಚಾಸಿಯ ಅಡ್ಡಪಟ್ಟಿಗೆ ನೇತುಹಾಕಿ, ತಳದ ಪ್ಲಾಸ್ಟಿಕ್ ಹಾಳೆಗಲ್ಲ. ಚಾಸಿಯ ಉದ್ದ ತೊಲೆಯ ಮೇಲಂಚಿಗೂ ಕೆಳಂಚಿಗೂ ತೂತು ಕೊರೆಯಬೇಡಿ, ತೊಲೆಯ ಬಲವೆಲ್ಲ ಆ ಅಂಚುಗಳಲ್ಲೇ ಇರುವುದು.

ಇಷ್ಟಾದರೂ ಸಾಲದಿದ್ದರೆ ಹಿಂದೆ-ಮುಂದೆ ನೋಡಿ, ಆದರೆ ಗಣಿತದೊಂದಿಗೆ. ಟ್ರೇಲರ್ ತೂಕದ ಶೇ. 10ರಿಂದ 15ರಷ್ಟು ಹಿಚ್‌ನ ಗುಂಡಿನ ಮೇಲೆ ಕೂರಬೇಕು, 7,000 ಪೌಂಡಿಗೆ 700ರಿಂದ 1,050. ಅಚ್ಚಿನಿಂದ ಗುಂಡಿಗೆ 16 ಅಡಿ, ಅಚ್ಚಿನಿಂದ ಹಿಂದಿನ ಕ್ಯಾರಿಯರ್‌ಗೆ 12 ಅಡಿ ಅಂತಿಟ್ಟುಕೊಳ್ಳಿ. ಹಿಂದೆ 100 ಪೌಂಡು ಹೇರಿದರೆ ಗುಂಡಿನ ಮೇಲಿನ ಭಾರ 75 ಪೌಂಡು ಇಳಿಯುತ್ತದೆ, ಅಚ್ಚಿಗೆ 175 ಏರುತ್ತದೆ. ಗುಂಡು ಹಗುರಾದಷ್ಟೂ ಹೆದ್ದಾರಿಯಲ್ಲಿ ಟ್ರೇಲರ್ ಬಾಲ ಆಡಿಸತೊಡಗುತ್ತದೆ. ಮೇಲಾಗಿ ಆ ಬಂಪರ್ ತೆಳು ತಗಡಿನದು. ಸೈಕಲ್ ರ‍್ಯಾಕ್ ಹಾಕಿದರೆ ಗುಂಡಿಬಿದ್ದ ರಸ್ತೆಯಲ್ಲಿ ಬೆಸುಗೆಯೇ ಬಿಡುವುದುಂಟು.

ಮುಂದಿನ ತ್ರಿಕೋನಕ್ಕೆ ಅಲ್ಯೂಮಿನಿಯಂ ಪೆಟ್ಟಿಗೆ ಕೂರಿಸಿದರೆ ಲೆಕ್ಕ ತಿರುಗುಮುರುಗು. ಅಚ್ಚಿನಿಂದ 14 ಅಡಿ ಮುಂದೆ 100 ಪೌಂಡು ಇಟ್ಟರೆ ಸುಮಾರು 88 ಗುಂಡಿನ ಮೇಲೆ. ಎಳೆಯುವ ಟ್ರಕ್ಕಿನ ಹಿಚ್ ಅಷ್ಟನ್ನು ತಾಳುತ್ತದೆಯೇ ಅಂತ ರಿಸೀವರ್ (ಟ್ರಕ್ಕಿನಡಿ ಹಿಚ್ ತೂರಿಸುವ ಕೊಳವೆ) ಮೇಲಿನ ಸ್ಟಿಕ್ಕರ್ ನೋಡಿ, ಆಮೇಲೆ ತುಂಬಿದ ಗಾಡಿಯನ್ನು ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್ ಎಂಬ ವಾಹನ ತೂಕದ ಕಾಟಾದ ಮೇಲೆ ನಿಲ್ಲಿಸಿ ತೂಗಿ. ಪೆಟ್ಟಿಗೆ ಕೊಳ್ಳುವ ಮೊದಲು ಅದೇ ಅಳತೆಯ ರಟ್ಟಿನ ಡಬ್ಬ ಇಟ್ಟು, ಜ್ಯಾಕಿನ ಹಿಡಿ ಪೂರ್ತಿ ಸುತ್ತುತ್ತದೆಯೇ, ಗ್ಯಾಸ್ ಸಿಲಿಂಡರ್ ತೆಗೆಯಲು ಬರುತ್ತದೆಯೇ, ಹಿಚ್‌ನ ಭಾರ ಹಂಚುವ ವೇಟ್ ಡಿಸ್ಟ್ರಿಬ್ಯೂಷನ್ ಸರಳು ಏರಿಸುವಾಗ ಕೈ ಆಡುತ್ತದೆಯೇ ನೋಡಿ. ಟ್ರಕ್ಕನ್ನು ಪೂರ್ತಿ ತಿರುಗಿಸಿ ಹಿಂದಕ್ಕೆ ತಂದು, ಅದರ ಟೇಲ್‌ಗೇಟ್ ಇಳಿಸಿಯೂ ನೋಡಿ.