ಅಮಾವಾಸ್ಯೆ ಹಿಂದಿನ ದಿನದ ಕ್ಯಾಂಪು

20 ಸೆಪ್ಟೆಂಬರ್ 2025, ಶನಿವಾರ
ದಾವಣಗೆರೆ

ನಾಳೆ ಮಹಾಲಯ ಅಮಾವಾಸ್ಯೆ. ಇಂಥ ಹೊತ್ತಲ್ಲಿ ರಕ್ತದಾನದ ಕ್ಯಾಂಪ್ ಇಟ್ಟರೆ ಯಾರು ಬರ್ತಾರೆ ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದ್ದರು. ಹುಡುಗರಲ್ಲೂ ಒಂದಿಬ್ಬರು ಬಂದು, "ಮೇಡಂ, ಅಜ್ಜಿ ಬ್ಯಾಡ ಅಂದ್ರು, ಪಕ್ಷ ಮುಗೀಲಿ ಅಂತಾರೆ" ಅಂದರು. ಆದರೂ ಇವತ್ತೇ ಮಾಡಿದೆವು. ಸೋಮವಾರದಿಂದ ನವರಾತ್ರಿ. ದಸರಾ ರಜೆ ಶುರುವಾಯಿತು ಅಂದರೆ ಹಾಸ್ಟೆಲ್ ಖಾಲಿ, ಕಾಲೇಜು ಖಾಲಿ, ಕ್ಯಾಂಪುಗಳೂ ನಿಂತುಹೋಗುತ್ತವೆ. ಹೆರಿಗೆ, ಅಪಘಾತ, ಡೆಂಗಿ ಜ್ವರ ಹಬ್ಬ ನೋಡಿಕೊಂಡು ಬರುವುದಿಲ್ಲ. ಅಜ್ಜಿ ಬೇಡ ಅಂದಿದ್ದ ಹುಡುಗರಲ್ಲಿ ಒಬ್ಬ ಮಧ್ಯಾಹ್ನ ಬಂದು ಕೊಟ್ಟು ಹೋದ. ಅಜ್ಜಿಗೆ ಏನು ಹೇಳಿ ಒಪ್ಪಿಸಿದನೋ ಕೇಳಲಿಲ್ಲ.

ರಕ್ತನಿಧಿಯ ಟೆಕ್ನಿಷಿಯನ್ ಮಕ್ಕಳಿಗೆ ಲೆಕ್ಕ ಬಿಡಿಸಿ ಹೇಳಿದರು. ಒಬ್ಬರು ಕೊಟ್ಟ ರಕ್ತವನ್ನು ಹಾಗೇ ಇನ್ನೊಬ್ಬರಿಗೆ ಏರಿಸುವುದು ಈಗ ಕಡಿಮೆ. ಅದನ್ನು ಕೆಂಪು ಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಅಂತ ಬೇರೆ ಮಾಡುತ್ತಾರೆ. ಕೆಂಪು ಕಣ ಫ್ರಿಜ್ಜಿನಲ್ಲಿ 42 ದಿನದವರೆಗೆ ಇರುತ್ತದೆ. ಪ್ಲಾಸ್ಮಾ ಮಂಜುಗಡ್ಡೆಯಂತೆ ಗಟ್ಟಿ ಮಾಡಿ ಇಟ್ಟರೆ ಒಂದು ವರ್ಷ. ಪ್ಲೇಟ್‌ಲೆಟ್ ಮಾತ್ರ ಐದೇ ದಿನ. ಅದನ್ನು ಫ್ರಿಜ್ಜಿನಲ್ಲೂ ಇಡುವಂತಿಲ್ಲ, 20ರಿಂದ 24 ಡಿಗ್ರಿಯಲ್ಲಿ, ಸದಾ ಅಲ್ಲಾಡುವ ಮಷೀನಿನ ಮೇಲೆ ಇಡಬೇಕು. ಅಂದರೆ ಇವತ್ತು ನಮ್ಮ ಮಕ್ಕಳು ಕೊಟ್ಟ ಪ್ಲೇಟ್‌ಲೆಟ್ ಗುರುವಾರದ ಹೊತ್ತಿಗೆ ಮುಗಿಯಿತು. ಶುಕ್ರವಾರ ಡೆಂಗಿಯಿಂದ ಯಾರಾದರೂ ಬಂದು ಮಲಗಿದರೆ ಮತ್ತೆ ಹೊಸಬರು ಕೊಟ್ಟಿರಬೇಕು.

"ಅರ್ಜೆಂಟ್ ಬ್ಲಡ್ ಬೇಕು" ಅಂತ ವಾಟ್ಸಾಪ್‌ನಲ್ಲಿ ಓಡಾಡುವ ಮೆಸೇಜು ಎಲ್ಲರೂ ಫಾರ್ವರ್ಡ್ ಮಾಡುತ್ತೇವೆ, ಅಲ್ವಾ? ಆದರೆ ನೀವು ಓಡಿಹೋಗಿ ಕೊಟ್ಟ ರಕ್ತವನ್ನು ಆ ಗಳಿಗೆಯಲ್ಲೇ ಏರಿಸಲು ಆಗುವುದಿಲ್ಲ. ಎಚ್‌ಐವಿ, ಎರಡು ಥರದ ಕಾಮಾಲೆ (ಹೆಪಟೈಟಿಸ್ ಬಿ ಮತ್ತು ಸಿ), ಸಿಫಿಲಿಸ್, ಮಲೇರಿಯಾ ಇಷ್ಟೂ ಪರೀಕ್ಷೆ ಆಗಬೇಕು. ಹೆರಿಗೆಯಾಗಿ ರಕ್ತ ಹೋಗುತ್ತಿರುವ ಬಾಣಂತಿಗೆ ಅಷ್ಟು ಟೈಮ್ ಎಲ್ಲಿರುತ್ತೆ? ಅವಳಿಗೆ ಸಿಗುವುದು ಎಂದೋ ಯಾರೋ ಕೊಟ್ಟು, ಪರೀಕ್ಷೆ ಮುಗಿದು, ಫ್ರಿಜ್ಜಿನಲ್ಲಿ ತಯಾರಾಗಿ ಇರುವ ರಕ್ತ. ಅದಕ್ಕೇ ಯಾರೂ ಕೇಳದೆ ಇರುವಾಗಲೇ ಹೋಗಿ ಕೊಡಿ ಅಂತ ಮಕ್ಕಳಿಗೆ ಮತ್ತೆ ಮತ್ತೆ ಹೇಳುತ್ತೇನೆ. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. 18 ತುಂಬಿರಬೇಕು, ತೂಕ 45 ಕೆಜಿಗೆ ಕಡಿಮೆ ಇರಬಾರದು.

ಕ್ಯಾಂಪಿನಲ್ಲಿ ನನಗೆ ಯಾವಾಗಲೂ ಕಣ್ಣು ಹೋಗುವುದು ಆ ನೀಲಿ ನೀರಿನ ಕಡೆಗೆ. ಮೈಲುತುತ್ತದ ನೀರು, ತಿಳಿ ನೀಲಿ ಬಣ್ಣ. ಬೆರಳಿಗೆ ಚುಚ್ಚಿ ಒಂದು ಹನಿ ರಕ್ತವನ್ನು ಮೇಲಿನಿಂದ ಬಿಡುತ್ತಾರೆ. ಹನಿ ದುಂಡಗೆ ಗೋಲಿಯಂತಾಗಿ ಸರ್ರನೆ ತಳ ಸೇರಿದರೆ ಹಿಮೋಗ್ಲೋಬಿನ್ 12.5 ಇದೆ ಅಂತ ಅರ್ಥ. ಮಧ್ಯದಲ್ಲೇ ಅನುಮಾನಿಸುತ್ತಾ ನಿಂತರೆ, ಇಲ್ಲವೇ ಮೇಲಕ್ಕೆ ಬಂದರೆ, ಕೊಡುವಂತಿಲ್ಲ. ಇವತ್ತು ಬಿಎಸ್ಸಿಯ ಒಬ್ಬ ಹುಡುಗಿಯ ಹನಿ ಮೇಲೇ ತೇಲಿತು. "ಇನ್ನೊಂದ್ಸಲ ನೋಡಿ ಸಿಸ್ಟರ್" ಅಂತ ಇನ್ನೊಂದು ಬೆರಳು ಮುಂದೆ ಚಾಚಿದಳು. ಅದೂ ತೇಲಿತು. ಹಾಗೆ ವಾಪಸ್ ಹೋದವರಲ್ಲಿ ಹುಡುಗಿಯರೇ ಜಾಸ್ತಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಕೊಡಬೇಕು ಅಂತ ಮನಸ್ಸಿದ್ದೂ ಕೊಡಲಾಗದೆ ಹೋಗುವ ಈ ಮಕ್ಕಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಮನೆಯಲ್ಲಿ ಎಲ್ಲರ ಊಟ ಆದಮೇಲೆ ಉಳಿದದ್ದು ತಿನ್ನುವವರು ಇವರೇ. ಸಿಸ್ಟರ್ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಐರನ್ ಮಾತ್ರೆ ತಗೋ, ಸೊಪ್ಪು ಕಾಳು ತಿನ್ನು, ಊಟ ಆದ ತಕ್ಷಣ ಟೀ ಕುಡಿಯಬೇಡ ಅಂತ ಹೇಳಿ ಕಳಿಸಿದರು. ಅಷ್ಟಾದರೂ ಆಯಿತಲ್ಲ.

ಈ ಸಲ ಪಕ್ಕದಲ್ಲಿ ಇನ್ನೊಂದು ಟೇಬಲ್ ಇತ್ತು. ಬೋನ್ ಮ್ಯಾರೋ, ಅಂದರೆ ಮೂಳೆಯೊಳಗೆ ರಕ್ತ ತಯಾರಾಗುವ ಮಜ್ಜೆಯ ದಾನಿಗಳ ನೋಂದಣಿ. ಅದನ್ನು ಇವತ್ತೇ ಇಡಿಸಬೇಕು ಅಂತ ಹಟ ಹಿಡಿದದ್ದು ನಾನೇ. ಸೆಪ್ಟೆಂಬರಿನ ಮೂರನೇ ಶನಿವಾರ ವಿಶ್ವ ಮಜ್ಜೆ ದಾನಿಗಳ ದಿನ ಅನ್ನುವುದು ಒಂದು ನೆಪ. ನಿಜವಾದ ಕಾರಣ ಬೇರೆ. ಹಿಂದೆ ಕ್ಯಾಂಪಿನ ಮಾತಾಡಲು ರಕ್ತನಿಧಿಗೆ ಹೋದಾಗ ಅಲ್ಲಿ ಬೆಂಚಿನ ಮೇಲೆ ಒಬ್ಬ ತಾಯಿ ಮಗಳನ್ನು ಕೂರಿಸಿಕೊಂಡಿದ್ದರು. ತಲಸ್ಸೀಮಿಯಾ. ಮಗುವಿನ ಮೈಯಲ್ಲಿ ಸರಿಯಾದ ಹಿಮೋಗ್ಲೋಬಿನ್ ತಯಾರಾಗುವುದೇ ಇಲ್ಲ. "ಮೂರು ವಾರಕ್ಕೊಮ್ಮೆ ಹಾಕಿಸ್ಬೇಕ್ರಿ ಮೇಡಂ. ಕಡಿಮೆ ಆಗಿದ್ದು ನನಗೆ ಮೊದ್ಲೇ ಗೊತ್ತಾಗುತ್ತೆ, ಆಟ ಬಿಟ್ಟು ಮೂಲೆ ಹಿಡೀತಾಳೆ" ಅಂದರು. ಹೀಗೆ ಜೀವ ಇರುವವರೆಗೂ. ಏರಿಸುವ ಒಂದೊಂದು ಚೀಲದ ಜೊತೆಗೂ ಮೈಗೆ ಕಬ್ಬಿಣದ ಅಂಶ ಸೇರುತ್ತದೆ. ಅದು ಹೃದಯದಲ್ಲಿ, ಲಿವರಿನಲ್ಲಿ ಕೂರದ ಹಾಗೆ ಹೊರಗೆ ಹಾಕಲು ದಿನವೂ ಔಷಧಿ. ಇದರಿಂದ ಪೂರ್ತಿ ಬಿಡುಗಡೆ ಬೇಕು ಅಂದರೆ ಮಜ್ಜೆ ಬದಲಿಸಬೇಕು. ಅದಕ್ಕೆ ಕೊಡುವವರ, ಪಡೆಯುವವರ ಕೋಶಗಳ ಮೇಲಿನ ಎಚ್‌ಎಲ್‌ಎ ಅನ್ನುವ ಗುರುತು ಒಂದಕ್ಕೊಂದು ಹೊಂದಬೇಕು. ಒಡಹುಟ್ಟಿದವರಲ್ಲಿ ಅದು ಪೂರ್ತಿ ಹೊಂದುವುದು ನಾಲ್ಕರಲ್ಲಿ ಒಂದು ಪಾಲು ಮಾತ್ರ. ಆ ಮಗುವಿನ ತಮ್ಮನದು ಹೊಂದಿರಲಿಲ್ಲ.

ವಿಚಿತ್ರ ಅಂದರೆ ಇದಕ್ಕೆ ರಕ್ತದ ಗುಂಪು ಒಂದೇ ಆಗಿರಬೇಕು ಅಂತಿಲ್ಲ. ಬಿ ಪಾಸಿಟಿವ್ ಇದ್ದ ರೋಗಿಗೆ ಓ ಪಾಸಿಟಿವ್ ದಾನಿಯ ಮಜ್ಜೆ ಕೂಡಿಕೊಂಡರೆ ಅವರ ಗುಂಪೇ ಓ ಆಗುತ್ತದೆ. ಎಚ್‌ಎಲ್‌ಎ ಮಾತ್ರ ಹೊಂದಲೇಬೇಕು. ಅದು ಬರುವುದು ಅಪ್ಪ ಅಮ್ಮನಿಂದ, ಅವರ ಹಿರಿಯರಿಂದ. ನಮ್ಮಲ್ಲಿ ತಲೆಮಾರುಗಳಿಂದ ಒಳಗೊಳಗೇ ಸಂಬಂಧ ಬೆಳೆಸಿದ್ದೇವೆ. ಹಾಗಾಗಿ ನಮ್ಮ ಸೀಮೆಯ ಮಗುವಿಗೆ ಹೊಂದುವವರು ಸಿಕ್ಕರೆ ನಮ್ಮ ಸೀಮೆಯಲ್ಲೇ ಸಿಗುವ ಸಾಧ್ಯತೆ ಜಾಸ್ತಿ. ಜಗತ್ತಿನಾದ್ಯಂತ ನಾಲ್ಕು ಕೋಟಿಗೂ ಹೆಚ್ಚು ಜನ ಹೆಸರು ಕೊಟ್ಟಿದ್ದಾರೆ. ಅದರಲ್ಲಿ ನಮ್ಮ ದೇಶದವರು ಕೆಲವೇ ಲಕ್ಷ. ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಇರುವ ನಮ್ಮ ಹಳೆಯ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ ನೀವೂ ಅಲ್ಲಿಯೇ ಹೆಸರು ಕೊಡಿ. ಆ ಪಟ್ಟಿಗಳಲ್ಲಿ ಇಲ್ಲಿನ ರೋಗಿಗೂ ಹುಡುಕುತ್ತಾರೆ. ಇಂಥ ಪಟ್ಟಿ ಮೊದಲು ಶುರುವಾದದ್ದೇ ಲಂಡನ್ನಿನಲ್ಲಿ, 1974ರಲ್ಲಿ. ಶರ್ಲಿ ನೋಲನ್ ಅನ್ನುವ ತಾಯಿ ಮಗ ಆಂಥನಿಗಾಗಿ ಶುರು ಮಾಡಿದ್ದು. ಅವನಿಗೆ ಹೊಂದುವವರು ಸಿಗಲೇ ಇಲ್ಲ, 1979ರಲ್ಲಿ ತೀರಿಕೊಂಡ. ಪಟ್ಟಿ ಮಾತ್ರ ಬೆಳೆಯುತ್ತಲೇ ಹೋಯಿತು.

ನೋಂದಣಿ ಅಂದರೆ ಒಂದು ಫಾರಂ, ಆಮೇಲೆ ಹತ್ತಿ ಸುತ್ತಿದ ಕಡ್ಡಿಗಳಿಂದ ಕೆನ್ನೆಯ ಒಳಗೆ ಸ್ವಲ್ಪ ಹೊತ್ತು ಉಜ್ಜಿಕೊಳ್ಳುವುದು. ಅಷ್ಟೇ. ಸೂಜಿಯೂ ಇಲ್ಲ. ಹುಡುಗಿಯೊಬ್ಬಳು ಕಡ್ಡಿ ಕೈಯಲ್ಲಿ ಹಿಡಿದು ಅಮ್ಮನಿಗೆ ಫೋನ್ ಮಾಡಿದಳು. ಆಮೇಲೆ ಫೋನ್ ನನ್ನ ಕೈಗೆ ಬಂತು.

"ಮೇಡಂ, ಬೆನ್ನುಹುರಿಗೆ ಸೂಜಿ ಹಾಕ್ತಾರಂತಲ್ರಿ? ಮದುವೆ ಆಗ್ಬೇಕಾದ ಹುಡುಗಿ ರೀ."

"ಇಲ್ರಮ್ಮ, ಬೆನ್ನುಹುರಿ ಮುಟ್ಟೋದೇ ಇಲ್ಲ" ಅಂದೆ. ಇರುವುದನ್ನೆಲ್ಲ ಇದ್ದ ಹಾಗೇ ಹೇಳಿದೆ. ಎಂದಾದರೂ ಹೊಂದಿತು ಅಂತ ಕರೆ ಬಂದರೆ ಹೆಚ್ಚಾಗಿ ತೋಳಿನ ರಕ್ತದಿಂದಲೇ ಸ್ಟೆಮ್ ಸೆಲ್, ಅಂದರೆ ಹೊಸ ರಕ್ತಕಣ ಹುಟ್ಟಿಸುವ ಮೂಲಕೋಶ, ತೆಗೆಯುತ್ತಾರೆ. ಅದಕ್ಕೆ ಮೊದಲು ನಾಲ್ಕೈದು ದಿನ ಇಂಜೆಕ್ಷನ್. ಆ ದಿನಗಳಲ್ಲಿ ಮೈಕೈ ನೋವು, ತಲೆನೋವು ಇರುತ್ತದೆ, ಆಮೇಲೆ ಹೋಗುತ್ತದೆ. ಒಂದು ಕೈಯಿಂದ ರಕ್ತ ಮಷೀನಿಗೆ ಹೋಗಿ, ಬೇಕಾದ ಕೋಶಗಳನ್ನು ಅದು ತೆಗೆದುಕೊಂಡು, ಉಳಿದ ರಕ್ತ ಇನ್ನೊಂದು ಕೈಗೆ ವಾಪಸ್ ಬರುತ್ತದೆ. ಮೂರರಿಂದ ಐದು ಗಂಟೆ ಹಿಡಿಯುತ್ತದೆ. ಕೆಲವೊಮ್ಮೆ ಸೊಂಟದ ಮೂಳೆಯಿಂದ ತೆಗೆಯಬೇಕಾಗುತ್ತದೆ, ಆಗ ಅರಿವಳಿಕೆ ಕೊಡುತ್ತಾರೆ. ಹೋದ ಕೋಶ ಕೆಲವು ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಮುಂದೆ ಮದುವೆ, ಮಕ್ಕಳು ಯಾವುದಕ್ಕೂ ಅಡ್ಡಿಯಿಲ್ಲ. ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ರಾತ್ರಿ ಅವರಪ್ಪನ್ನ ಕೇಳಿ ಹೇಳ್ತೀನ್ರಿ" ಅಂದರು.

ನಾನು ಆ ಹುಡುಗಿಯ ಕೈಯಿಂದ ಕಡ್ಡಿ ವಾಪಸ್ ತಗೊಂಡು, ಮನೆಯಲ್ಲಿ ಕೂತು ಮಾತಾಡಿ ಬಾ ಅಂದೆ. ಅವಳಿಗೆ ಬೇಜಾರಾಯಿತು. ಟೇಬಲ್ಲಿನಲ್ಲಿದ್ದ ಕಾರ್ಯಕರ್ತರಿಗೆ ಮಾತ್ರ ಬೇಜಾರಾಗಲಿಲ್ಲ, ತಲೆ ಆಡಿಸಿದರು. ಯಾಕೆ ಅಂದರೆ ಇಲ್ಲಿ ಹೆಸರು ಕೊಟ್ಟು ಆಮೇಲೆ ಹಿಂದೆ ಸರಿಯುವುದು ಸಣ್ಣ ವಿಷಯ ಅಲ್ಲ. ದಾನಿ ಒಪ್ಪಿದಮೇಲೆ, ಕಸಿಗೆ ಕೆಲವು ದಿನ ಮುಂಚೆ, ರೋಗಿಗೆ ಜೋರಾದ ಕೀಮೋ ಕೊಡುತ್ತಾರೆ. ಅವರ ಹಳೆಯ ಮಜ್ಜೆ ಪೂರ್ತಿ ನಾಶವಾಗುತ್ತದೆ. ಆ ಹೊತ್ತಲ್ಲಿ ದಾನಿ "ಮನೆಯಲ್ಲಿ ಬೇಡ ಅಂತಾರೆ" ಅಂದುಬಿಟ್ಟರೆ ಆ ರೋಗಿಯ ಮೈಯಲ್ಲಿ ಹಳೆಯದೂ ಇಲ್ಲ, ಹೊಸದೂ ಇಲ್ಲ. ಜೀವವೇ ಹೋಗಬಹುದು. ಕಾಲೇಜು ಫೆಸ್ಟಿನ ಗದ್ದಲದಲ್ಲಿ, ಗೆಳೆಯರು ಕೊಟ್ಟರು ಅಂತ ಕೊಟ್ಟ ನೂರು ಹೆಸರಿಗಿಂತ, ಮನೆಯವರನ್ನೂ ಒಪ್ಪಿಸಿ ಬಂದ ಹತ್ತು ಹೆಸರು ದೊಡ್ಡದು ಅಂತಲೇ ನನ್ನ ನಂಬಿಕೆ.

ಇನ್ನೊಂದು. ಕರೆ ನಾಳೆಯೇ ಬರಬಹುದು, ಹತ್ತು ವರ್ಷ ಬಿಟ್ಟು ಬರಬಹುದು, ಬರದೆಯೂ ಇರಬಹುದು. ಫೋನ್ ನಂಬರ್ ಬದಲಾದರೆ ದಯವಿಟ್ಟು ತಿಳಿಸಿ. ಓದು ಮುಗಿಸಿ ಬೆಂಗಳೂರಿಗೆ ಹೋಗಿ ಹೊಸ ಸಿಮ್ ಹಾಕಿಕೊಂಡ ಹುಡುಗನನ್ನು ಸಂಸ್ಥೆಯವರು ಹಳೆಯ ನಂಬರಿನಲ್ಲಿ ಹುಡುಕುತ್ತಿದ್ದರೆ, ಕಾದು ಕೂತ ರೋಗಿಯ ಅಪ್ಪ ಅಮ್ಮನ ಪಾಡು ಯೋಚಿಸಿ. ಕ್ಯಾಂಪ್ ತಪ್ಪಿದವರು ಬೆಂಗಳೂರಿನ ಡಿಕೆಎಂಎಸ್ ಅಥವಾ ಚೆನ್ನೈನ ದಾತ್ರಿ ಸಂಸ್ಥೆಯಲ್ಲಿ ಆನ್‌ಲೈನ್‌ನಲ್ಲೂ ಹೆಸರು ಕೊಡಬಹುದು.

ಅಕ್ಟೋಬರ್ 1 ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ. ಈ ವರ್ಷ ಅವತ್ತೇ ಆಯುಧಪೂಜೆ, ಕಾಲೇಜಿಗೆ ರಜೆ. ರಕ್ತನಿಧಿಗೆ ಫೋನ್ ಮಾಡಿ ಕೇಳಿದೆ, ತೆರೆದಿರುತ್ತಾರಂತೆ. ನನ್ನ 120 ದಿನ ಅಷ್ಟೊತ್ತಿಗೆ ತುಂಬಿರುತ್ತದೆ, ಹತ್ತು ಗಂಟೆಗೆ ಹೋಗುತ್ತೇನೆ. ಊರಲ್ಲಿ ಇರುವವರು ಗಾಡಿ ತೊಳೆದು ಪೂಜೆ ಮುಗಿಸಿಕೊಂಡು ಬನ್ನಿ. ಉಪವಾಸ ಇದ್ದವರು ಅವತ್ತು ಬೇಡ, ಇನ್ನೊಂದು ದಿನ ಬನ್ನಿ. ಉಳಿದವರು ತಿಂಡಿ ತಿಂದು, ಚೆನ್ನಾಗಿ ನೀರು ಕುಡಿದು, ಆಧಾರ್ ಕಾರ್ಡ್ ಜೇಬಿನಲ್ಲಿ ಇಟ್ಟುಕೊಂಡು ಬನ್ನಿ.