ನನ್ನ ಪುಟ್ಟ ಕರ್ನೆಲ್: ಕೆಳಗಿನ 16 ಎಂಬಿಗೆ ಬೇಲಿ ಹಾಕಿದ್ದಾಯ್ತು

ನಾನು ಬರೆಯುತ್ತಿರುವ ಕರ್ನೆಲ್‌ನಲ್ಲಿ (ಆಪರೇಟಿಂಗ್ ಸಿಸ್ಟಂನ ತಿರುಳು) ಮೆಮೊರಿಯನ್ನು ಪೇಜ್ ಎಂಬ ತುಂಡುಗಳಾಗಿ ಹಂಚುವ ಪೇಜ್ ಅಲೊಕೇಟರ್ ಈಗ ಎರಡು ಝೋನ್ ಆಗಿದೆ. 16 ಎಂಬಿಗಿಂತ ಕೆಳಗಿನದು ಒಂದು, ಮೇಲಿನದೆಲ್ಲ ಇನ್ನೊಂದು. ಇಷ್ಟಕ್ಕೆಲ್ಲ ಕಾರಣ ಸೌಂಡ್ ಬ್ಲಾಸ್ಟರ್ 16 ಎಂಬ ಹಳೆಯ ಸೌಂಡ್ ಕಾರ್ಡ್. ಕಂಪ್ಯೂಟರನ್ನೇ ಅನುಕರಿಸುವ ಕ್ಯೂಎಮು (QEMU) ತಂತ್ರಾಂಶದಲ್ಲಿ ಆ ಕಾರ್ಡ್ ಸಿಗುತ್ತದೆ. ಅದಕ್ಕೊಂದು ಡ್ರೈವರ್ ಬರೆಯದೆ ಬಿಡುವುದು ಹೇಗೆ, ಅಲ್ವಾ?

ಐಎಸ್‌ಎ ಎಂಬ ಹಳೆಯ ಸ್ಲಾಟ್‌ನ ಇಂಥ ಕಾರ್ಡ್‌ಗಳ ಡಿಎಂಎ (ಸಿಪಿಯು ನಡುವೆ ಬರದೆ ಮೆಮೊರಿ ಜೊತೆ ನೇರ ಡೇಟಾ ಸಾಗಣೆ) ನಡೆಯುವುದು 8237 ಚಿಪ್ ಮೂಲಕ. ಅದರ ಅಡ್ರೆಸ್ ರಿಜಿಸ್ಟರ್ ಬರೀ 16 ಬಿಟ್. ಮೇಲಿನ 8 ಬಿಟ್‌ಗಳನ್ನು ಪೇಜ್ ರಿಜಿಸ್ಟರ್‌ಗೆ ಬೇರೆಯಾಗಿ ಬರೆಯಬೇಕು. ಒಟ್ಟು 24 ಬಿಟ್, ಅಂದರೆ 16 ಎಂಬಿ; ಅದರಾಚೆಯ ಮೆಮೊರಿ ಈ ಚಿಪ್‌ಗೆ ಎಟಕುವುದಿಲ್ಲ. 1984ರ ಐಬಿಎಂ ಪಿಸಿ ಎಟಿಯಲ್ಲಿದ್ದ 80286 ಸಿಪಿಯುಗೂ ಅಡ್ರೆಸ್ ಲೈನ್ ಇದ್ದದ್ದು 24 ಮಾತ್ರ. ಆ ಕಾಲಕ್ಕೆ ಅದು ಧಾರಾಳವೇ.

ಇದಕ್ಕಿಂತ ಜಾಸ್ತಿ ಕಿರಿಕಿರಿ 64 ಕೆಬಿ ಗಡಿಯದು. ಡಿಎಂಎ ನಡೆಯುವಾಗ 16 ಬಿಟ್ ರಿಜಿಸ್ಟರ್ ಏರುತ್ತಾ ಹೋಗುತ್ತದೆ, ಪೇಜ್ ರಿಜಿಸ್ಟರ್ ಮಾತ್ರ ಇದ್ದಲ್ಲೇ ಇರುತ್ತದೆ. ಬಫರ್ (ಡೇಟಾ ಇಡುವ ಮೆಮೊರಿ ಜಾಗ) ಗಡಿ ದಾಟಿದರೆ ವಿಳಾಸ ಸುತ್ತಿಕೊಂಡು ಅದೇ 64 ಕೆಬಿಯ ಶುರುವಿಗೆ ಬರುತ್ತದೆ. ಅಲ್ಲಿ ಯಾರ ಡೇಟಾ ಇದೆಯೋ ದೇವರೇ ಬಲ್ಲ. ಎರರ್ ಕೂಡ ಬರುವುದಿಲ್ಲ. ನಾನು ಬಳಸುವ 5ನೇ ಡಿಎಂಎ ಚಾನೆಲ್ 16 ಬಿಟ್‌ನದು, ಅದು ವರ್ಡ್ ಲೆಕ್ಕದಲ್ಲಿ (ಎರಡೆರಡು ಬೈಟ್) ಓಡುತ್ತದೆ, ಹಾಗಾಗಿ ಗಡಿ 128 ಕೆಬಿ. ಆದರೂ 64ಕ್ಕೇ ಕಟ್ಟಿಹಾಕಿದ್ದೇನೆ. ಮುಂದೆ ಫ್ಲಾಪಿಗೆ 8 ಬಿಟ್‌ನ 2ನೇ ಚಾನೆಲ್ ಬೇಕೇ ಬೇಕು.

ಇಲ್ಲಿ ಬಡ್ಡಿ (buddy) ಅಲೊಕೇಟರ್, ಅಂದರೆ ಮೆಮೊರಿಯನ್ನು ಅರ್ಧರ್ಧ ಸೀಳುತ್ತಾ ಹಂಚುವ ವಿಧಾನ, ಕೈ ಹಿಡಿಯಿತು. ಅದು ಕೊಡುವ ಬ್ಲಾಕ್ ಯಾವಾಗಲೂ ತನ್ನ ಗಾತ್ರಕ್ಕೇ ಅಲೈನ್ ಆಗಿರುತ್ತದೆ. 32 ಕೆಬಿ ಕೇಳಿದರೆ ವಿಳಾಸ 32 ಕೆಬಿಯ ಗುಣಕವೇ. ಹೀಗಾಗಿ 64 ಕೆಬಿವರೆಗಿನ ಯಾವ ಬ್ಲಾಕೂ ಗಡಿ ದಾಟುವುದಿಲ್ಲ. ಒಂದೇ ಷರತ್ತು: ಲೆಕ್ಕ ಫಿಸಿಕಲ್ ವಿಳಾಸ ಸೊನ್ನೆಯಿಂದ ಶುರುವಾಗಬೇಕು, ಝೋನ್ ಶುರುವಾಗುವ ಜಾಗದಿಂದಲ್ಲ. ಗಡಿಗಾಗಿ ಬೇರೆ ಕೋಡ್ ಬರೆಯಲಿಲ್ಲ, ಸುಮ್ನೆ ಒಂದು ಅಸರ್ಟ್ (ತಪ್ಪಿದರೆ ಅಲ್ಲೇ ನಿಲ್ಲಿಸುವ ತಪಾಸಣೆ) ಇಟ್ಟಿದ್ದೇನೆ.

ಮೇಲಿನ ಝೋನ್ ಖಾಲಿಯಾದರೆ ಏನು ಮಾಡಬೇಕು? ಲಿನಕ್ಸ್ ಆಗ ಕೆಳಗಿನದಕ್ಕೆ ಇಳಿಯುತ್ತದೆ, ಆದರೆ ಒಂದಷ್ಟು ಪೇಜ್‌ಗಳನ್ನು ಕಾದಿರಿಸಿಯೇ ಇಳಿಯುತ್ತದೆ. ನನ್ನದರಲ್ಲಿ ಇಳಿಯುವುದೇ ಇಲ್ಲ. ಯಾವುದೋ ಪ್ರೋಗ್ರಾಂ ಮೆಮೊರಿ ಸಿಗದೆ ಸತ್ತರೆ ಸಾಯಲಿ. ಚೂರುಚೂರಾದ ಕೆಳ ಝೋನ್‌ನಲ್ಲಿ ಒಟ್ಟಿಗೆ 32 ಕೆಬಿ ಹುಡುಕುವ ಕಷ್ಟ ನನಗೆ ಬೇಡ.

1 ಎಂಬಿಯ ಒಳಗೆ ಒಂದು ಪೇಜ್ ಬೇರೆಯಾಗಿ ತೆಗೆದಿಟ್ಟಿದ್ದೇನೆ. ಎರಡನೇ ಸಿಪಿಯು ಎದ್ದಾಗ ರಿಯಲ್ ಮೋಡ್‌ನಲ್ಲಿರುತ್ತದೆ (1 ಎಂಬಿಯಷ್ಟೇ ಎಟಕುವ ಹಳೆಯ 16 ಬಿಟ್ ಸ್ಥಿತಿ), ಅದರ ಮೊದಲ ಕೋಡ್ ಅಲ್ಲೇ ಇರಬೇಕು.

ಸದ್ಯ 32 ಕೆಬಿ ಬಫರ್ ಎರಡು ಅರ್ಧವಾಗಿ ಓಡುತ್ತಿದೆ. ಕಾರ್ಡ್ ಒಂದರ್ಧ ನುಡಿಸುವಾಗ ಇನ್ನೊಂದನ್ನು ತುಂಬುತ್ತೇನೆ. ಸದ್ದು ಸ್ವಚ್ಛವಾಗಿ ಬರುತ್ತಿದೆ. ಮುಂದಿನದು 4 ಜಿಬಿಯ ಝೋನ್, 32 ಬಿಟ್ ವಿಳಾಸವಷ್ಟೇ ಗೊತ್ತಿರುವ ಪಿಸಿಐ (ಐಎಸ್‌ಎ ನಂತರದ ಸ್ಲಾಟ್) ಕಾರ್ಡ್‌ಗಳಿಗೆ.